ಕೊಟ್ಟಿಗೆಗೆ ಹೋದ ಬೂಟು

ನನಗೆ ಚಪ್ಪಲಿ ಹುಚ್ಚು. ಸೀರೆ ಅಂಗಡಿಗೆ ಹೋದರೆ ಬೇಗ ಎದ್ದು ಬರುತ್ತೇನೆ, ಒಡವೆ ಅಂಗಡಿಯಲ್ಲಿ ಕೂತರೆ ಆಕಳಿಕೆ ಬರುತ್ತದೆ. ಚಪ್ಪಲಿ ಅಂಗಡಿ ಕಂಡರೆ ಮಾತ್ರ ಕಾಲು ತಾನಾಗಿ ಒಳಕ್ಕೆ ಹೋಗುತ್ತದೆ. ಮುಖ ದೇವರು ಕೊಟ್ಟದ್ದು, ಅದರ ಬಗ್ಗೆ ಏನೂ ಮಾಡುವ ಹಾಗಿಲ್ಲ, ಕಾಲನ್ನಾದರೂ ನಾವು ಚೆನ್ನಾಗಿ ಇಟ್ಟುಕೊಳ್ಳೋಣ ಎಂಬುದು ನನ್ನ ವಾದ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಈ ವಾದ ಮಂಡಿಸುತ್ತಿದ್ದೇನೆ. ಒಪ್ಪಿದವರು ಒಬ್ಬರೂ ಇಲ್ಲ.

ನಮ್ಮದು ತಾಳವಾಡಿ ಗುಡ್ಡದ ಮೇಲಿನ ಊರು. ಕೆಳಗಿನ ಸತ್ಯಮಂಗಲದವರಿಗೆ ಚಳಿ ಎಂದರೆ ಫ್ಯಾನನ್ನು ಸ್ವಲ್ಪ ನಿಧಾನ ಮಾಡುವುದು, ಅಷ್ಟೇ. ದಿಂಬಂ ಘಾಟಿಯ ತಿರುವುಗಳನ್ನು ಹತ್ತಿ ಮೇಲೆ ಬಂದಾಗ ಅವರೂ ಬಸ್ಸಿನ ಕಿಟಕಿ ಎಳೆದುಕೊಂಡು ಕಿವಿಗೆ ಟವಲು ಸುತ್ತಿಕೊಳ್ಳುತ್ತಾರೆ. ದೀಪಾವಳಿ ಕಳೆದು ಪಕ್ಕದ ಗುಮಟಾಪುರದ ಗೊರೆ ಹಬ್ಬದಲ್ಲಿ ಸಗಣಿ ಎರಚಾಡಿ ಮುಗಿಸಿದರೆಂದರೆ ನಮ್ಮ ಕಡೆ ಚಳಿ ಬಂತೆಂದೇ ಲೆಕ್ಕ. ಅಲ್ಲಿಂದ ಶಿವರಾತ್ರಿಯವರೆಗೆ ಬೆಳಗಿನ ಹೊತ್ತು ಹವಾಯಿ ಚಪ್ಪಲಿಗೆ ಕಾಲಿಟ್ಟರೆ ನೆತ್ತಿಯವರೆಗೆ ಜುಂ ಎನ್ನುತ್ತದೆ. ಗಂಡಸರು ಮಫ್ಲರು ಸುತ್ತಿಕೊಳ್ಳುತ್ತಾರೆ, ಹೆಂಗಸರು ಸೆರಗಿನ ಮೇಲೆ ಸ್ವೆಟರು ಹಾಕಿಕೊಳ್ಳುತ್ತಾರೆ. ತಲೆಗೆ, ಕಿವಿಗೆ, ಎದೆಗೆ ಎಲ್ಲಕ್ಕೂ ಏನಾದರೊಂದು ಉಂಟು. ಹೆಂಗಸರ ಕಾಲಿಗೂ ಚಳಿಯಾಗುತ್ತದೆ ಎಂದು ನಮ್ಮೂರಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ.

ನನಗೂ ಹೊಳೆದದ್ದು ಊಟಿಯಲ್ಲಿ. ನಾನು ತಾಳವಾಡಿಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಎರಡು ವರ್ಷದ ಹಿಂದೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ, ಅವರು ಕೆರೆಯ ಹತ್ತಿರ ಜೋಳ ತಿನ್ನುತ್ತಿದ್ದ ಹೊತ್ತಿನಲ್ಲಿ ನಾನು ಮೆಲ್ಲಗೆ ಪಕ್ಕದ ಸ್ವೆಟರ್ ಅಂಗಡಿಗಳ ಸಾಲಿಗೆ ನುಗ್ಗಿದೆ. ಅಲ್ಲಿ ನೇತು ಹಾಕಿದ್ದ ಒಂದು ಜೊತೆ ಬೂಟಿನ ಮೇಲೆ ಕಣ್ಣು ಬಿತ್ತು. ಕಂದು ಬಣ್ಣ, ಕಾಲಿನ ಗಿಣ್ಣು ಮುಚ್ಚುವಷ್ಟು ಎತ್ತರ, ಪಕ್ಕಕ್ಕೆ ಜಿಪ್ಪು, ಒಳಗೆಲ್ಲ ಕುರಿಮರಿಯ ಮೈಯಂಥ ಮೆತ್ತನೆಯ ತುಪ್ಪಳ. ಆ ತುಪ್ಪಳ ಮೇಲಂಚಿನಲ್ಲಿ ಹೊರಕ್ಕೆ ಮಡಚಿಕೊಂಡು ಕಾಲರಿನ ಹಾಗೆ ನಿಂತಿತ್ತು. “ನಲ್ಲಾ ಇರುಕ್ಕು ಅಕ್ಕಾ, ಪೋಟ್ಟು ಪಾರುಂಗ” ಎಂದು ಅಂಗಡಿಯಾಕೆ ಸ್ಟೂಲು ಎಳೆದಳು. ಹಾಕಿ ನೋಡಿದೆ. ಹುಟ್ಟಿದಾಗಿನಿಂದ ತಣ್ಣಗೇ ಇದ್ದ ನನ್ನ ಕಾಲಿಗೆ ಅವತ್ತು ಮೊದಲ ಸಲ ಯಾರೋ ಮರ್ಯಾದೆ ಕೊಟ್ಟ ಹಾಗಾಯಿತು. ಬಿಚ್ಚಲು ಮನಸ್ಸಾಗದೆ ಹಾಗೇ ಹಾಕಿಕೊಂಡು ಬಸ್ಸು ಹತ್ತಿದೆ.

ಮನೆ ಮುಂದೆ ಇಳಿದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ನನ್ನ ಮುಖ ನೋಡುವ ಮೊದಲೇ ಕಾಲು ನೋಡಿದರು.

“ಇದೇನಮ್ಮಿ ಇದು, ಕುರಿಮರಿ ಒಟ್ಟೆ ಒಳಕ್ಕ ಕಾಲಿಟ್ಕಂಡು ಬಂದಿದ್ದಯ?”

“ಬೂಟು ಅತ್ತೆ. ಒಳ್ಗೆ ಎಷ್ಟು ಬೆಚ್ಚಗದೆ ಗೊತ್ತಾ?”

“ಇರ್ಲಿ ಇರ್ಲಿ. ಕಳಚಿ ಅಲ್ಲೇ ಕಲ್ಲಿನ್ ತಾವು ಮಡಗು.”

ಕಲ್ಲು ಎಂದರೆ ನಮ್ಮ ಮೆಟ್ಟಿಲ ಪಕ್ಕದ ಚಪ್ಪಡಿ. ಮನೆಯವರದೂ ನೆಂಟರದೂ ಚಪ್ಪಲಿಗಳೆಲ್ಲ ಅಲ್ಲೇ ಸಾಲಾಗಿ ಇರಬೇಕು. ಹೊಸ್ತಿಲು ದಾಟಿ ಒಂದು ಜೊತೆಯೂ ಒಳಗೆ ಬರುವ ಹಾಗಿಲ್ಲ, ಅದು ಚಿನ್ನದ್ದೇ ಆಗಿರಲಿ. ಹಾಗಾಗಿ ನನ್ನ ಊಟಿ ಬೂಟು ಇಡೀ ಚಳಿಗಾಲ ಹೊರಗೆ ಇಬ್ಬನಿಯಲ್ಲಿ ಮಲಗಿತು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಕಾಲಿಟ್ಟರೆ ತುಪ್ಪಳ ತೊಯ್ದು ತಣ್ಣಗಿರುತ್ತಿತ್ತು. ರಾತ್ರಿ ಪ್ಲಾಸ್ಟಿಕ್ ಚೀಲ ಹೊದಿಸುವ ಉಪಾಯ ಕಂಡುಕೊಂಡೆ. “ಕೂಸ್ಗ ಒದಿಸ್ದಂಗ ಒದುಸ್ತಾಳೆ” ಎಂದು ಅತ್ತೆ ಎದುರು ಮನೆಯ ಅಕ್ಕನಿಗೆ ಹೇಳಿ ನಗುತ್ತಿದ್ದರು.

ಅತ್ತೆಗೆ ಎಪ್ಪತ್ತು ದಾಟಿದೆ. ತೆಳ್ಳಗಿನ ಮೈ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಒಂದು ಕುಹಕ. ಸಂತೆಗೆ ಹೋಗುವಾಗ ಹವಾಯಿ ಮೆಟ್ಟುತ್ತಾರೆ. ಹೊಲ, ಅಂಗಳ, ಕೊಟ್ಟಿಗೆ ಎಲ್ಲಕ್ಕೂ ಬರಿಗಾಲು. ಕೊಟ್ಟಿಗೆಗಂತೂ ಬೇರೆ ಮಾತೇ ಇಲ್ಲ. ನಮ್ಮದು ಹಳೇ ಕಾಲದ ಮನೆ. ಕೊಟ್ಟಿಗೆ ಮನೆಯೊಳಗೇ ಸೇರಿಕೊಂಡಿದೆ. ನಡುಮನೆ ದಾಟಿ, ದೇವರ ಗೂಡಿನ ಮುಂದೆ ಹಾದು, ಅಡುಗೆ ಮನೆಯ ಹಿಂಬಾಗಿಲಿನಿಂದ ಅಲ್ಲಿಗೆ ಹೋಗಬೇಕು. ಅಲ್ಲಿ ಇರುವುದು ಅತ್ತೆಯ ಪಾಲಿಗೆ ಬಸವಣ್ಣ. ಹಸುವಾದರೇನು, ಕರುವಾದರೇನು, ಬಸವನೇ.

ಈಗ ಇರುವುದು ಒಂದೇ ಒಂದು ನಾಟಿ ಹಸು. ಅತ್ತೆ ತಾಳಮಲೆ ಕಡೆಯಿಂದ ಮದುವೆಯಾಗಿ ಬಂದಾಗ ಅವರಪ್ಪ ಜೊತೆಗೆ ಒಂದು ಕಡಸು ಹೊಡೆದು ಕಳಿಸಿದ್ದರಂತೆ. ಅದರ ಮಗಳು, ಆ ಮಗಳ ಮಗಳು ಹೀಗೆ ಇಳಿದು ಬಂದದ್ದು ಇದು. ತವರಿನಿಂದ ಬಂದ ಪಾತ್ರೆ ತೂತಾಯಿತು, ಸೀರೆ ಹರಿದು ಕೌದಿಯಾಯಿತು, ಅಣ್ಣತಮ್ಮಂದಿರು ಒಬ್ಬೊಬ್ಬರಾಗಿ ಹೋದರು. ಈ ಹಸು ಮಾತ್ರ ಇದೆ. ದಿನಾ ಬೆಳಕು ಹರಿಯುವ ಮೊದಲೇ ಎದ್ದು ಅತ್ತೆ ಅದರ ಪಕ್ಕ ಕುಕ್ಕುರುಗಾಲಲ್ಲಿ ಕೂತು, ತಾಳಮಲೆಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತ ಹಾಲು ಕರೆಯುತ್ತಾರೆ. ಬೇರೆ ಯಾರಿಗೂ ಅದು ಹಾಲು ಕೊಡುವುದಿಲ್ಲ.

ಕಳೆದ ಚಳಿಗಾಲ ಅವರ ಕಾಲು ಕೈಕೊಟ್ಟಿತು. ಹಿಮ್ಮಡಿ ಒಡೆಯುವುದು ಪ್ರತಿ ವರ್ಷ ಇದ್ದದ್ದೇ. ಆ ಸಲ ಪಾದವೇ ಮರಗಟ್ಟತೊಡಗಿತು. ಕೊಟ್ಟಿಗೆಯ ಕಲ್ಲು ಹಾಸು, ಮೇಲೆ ಗಂಜಲದ ಪಸೆ, ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಚಳಿ. ಒಂದು ಬೆಳಿಗ್ಗೆ ಹಾಲಿನ ಚೆಂಬು ಹಿಡಿದು ಅಡುಗೆ ಮನೆಗೆ ಬಂದವರ ಹಿಂದೆ ನೆಲದ ಮೇಲೆ ಕೆಂಪು ಗುರುತು ಕಂಡು ನಾನು ಕಿರುಚಿದೆ. ಹಸು ಕಾಲು ಬದಲಿಸುವಾಗ ಅವರ ಪಾದದ ಮೇಲೆ ಗೊರಸಿಟ್ಟಿತ್ತು. ಹೆಬ್ಬೆರಳಿನ ಉಗುರು ಕಿತ್ತು ಬಂದಿತ್ತು. ಅತ್ತೆಗೆ ಗೊತ್ತೇ ಆಗಿರಲಿಲ್ಲ.

“ಪಾಟೀ, ಕಾಲೈ ಸೂಡಾ ವೆಚ್ಚುಕ್ಕೋಂಗ” ಎಂದರು ತಾಳವಾಡಿಯ ಡಾಕ್ಟರು. ಕಾಲು ಬೆಚ್ಚಗಿಟ್ಟುಕೊಳ್ಳಿ, ಬರಿಗಾಲಲ್ಲಿ ಒದ್ದೆ ನೆಲ ತುಳಿಯಬೇಡಿ ಎಂದು ನನಗೂ ಎರಡು ಸಲ ಹೇಳಿದರು. ಕಾಲುಚೀಲ ಹಾಕಿದೆವು. ಗಂಜಲ ಹೀರಿಕೊಂಡು ಇನ್ನಷ್ಟು ತಣ್ಣಗಾಯಿತು. ನಮ್ಮ ಮನೆಯವರು ತಾಯಿಯ ಮುಂದೆ ಕೂತು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

“ಅವ್ವ, ನೀನು ಇನ್ಮೇಲೆ ಕೊಟ್ಟಿಗೆಗೆ ಓಗ್ಬೇಡ.”

“ಸುಮ್ನಿರ್ಲಾ. ನೀ ಉಟ್ಟಕ್ಕೂ ಮುಂಚಿಂದ ಆಲು ಕರೀತಿವ್ನಿ ಕಣ್ಲಾ.”

“ಇವಳು ಕರೀತಾಳೆ. ಆಗ್ನಿಲ್ಲ ಅಂದ್ರೆ ಅಸ ದೊಡ್ಡಗಾಜನೂರ್ಗೆ ಕಳಿಸ್ಬುಡ್ತೀನಿ. ಚಿಕ್ಕಪ್ಪನ ಮಗ ಆಗ್ಲೇ ಕೇಳವ್ನೆ. ಸಂಕ್ರಾಂತಿ ಆದ್ಮೇಲೆ ಬಂದು ಇಡ್ಕಂಡೋಯ್ತಾನೆ.”

ಅತ್ತೆ ಸಾಮಾನ್ಯವಾಗಿ ಮಗನ ಒಂದು ಮಾತಿಗೆ ನಾಲ್ಕು ಮಾತು ಆಡುವವರು. ಅವತ್ತು ಮಧ್ಯಾಹ್ನ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟರು. ನನಗೆ ನಮ್ಮ ಮನೆಯವರ ಮೇಲೆ ಮೈ ಉರಿಯಿತು. ಅವರು ಹೇಳಿದ್ದು ತಪ್ಪೂ ಅಲ್ಲವಲ್ಲ ಎಂದು ಇನ್ನಷ್ಟು ಉರಿಯಿತು.

ಹಾಲು ಕರೆಯುವ ಪ್ರಯತ್ನವನ್ನೂ ಮಾಡಿದೆ. ಅತ್ತೆಯ ಹಳೇ ಸೀರೆ ಉಟ್ಟುಕೊಂಡು, ಅವರ ಹಾಗೇ ತಲೆಗೆ ಸೆರಗು ಹೊದ್ದು, ಬೆಚ್ಚನೆಯ ನೀರಲ್ಲಿ ಕೆಚ್ಚಲು ತೊಳೆದು ಕೂತೆ. ತಾಳಮಲೆಯ ಸುದ್ದಿ ನನಗೆ ಅಷ್ಟಾಗಿ ಗೊತ್ತಿಲ್ಲದ್ದರಿಂದ ಶಾಲೆಯ ಸುದ್ದಿ ಹೇಳಿದೆ. ಹಸು ತಲೆ ತಿರುಗಿಸಿ ನನ್ನನ್ನು ಒಮ್ಮೆ ನೋಡಿತು. ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿಗಳು ನೋಡುವುದು ಹಾಗೇ. ಆಮೇಲೆ ಚೆಂಬು ಒಂದು ಕಡೆ, ನಾನು ಒಂದು ಕಡೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ನೋಡಿದೆ. ನಗುತ್ತಲೇ ಇದ್ದರು. ಕಣ್ಣಲ್ಲಿ ನೀರೂ ಇತ್ತು.

ಅವತ್ತು ಸಂಜೆ ಶಾಲೆಯಿಂದ ಬಂದಾಗ ಅತ್ತೆ ಜಗಲಿಯ ಅಂಚಿನಲ್ಲಿ ಕೂತು ಬೆಳಿಗ್ಗೆ ನಾನು ಬಿಟ್ಟು ಹೋಗಿದ್ದ ನನ್ನ ಬೂಟಿನೊಳಗೆ ಮಣಿಕಟ್ಟು ಮುಳುಗುವವರೆಗೆ ಕೈ ತೂರಿಸಿದ್ದರು. ನನ್ನನ್ನು ಕಂಡು ಕೈ ತೆಗೆಯಲೂ ಇಲ್ಲ.

“ಅಲ್ಲ ಕಣಮ್ಮಿ, ಚಪ್ಲಿ ಯಾಕ ಮನೆ ಒಳಕ್ಕ ಬರ್ಬಾರ್ದು?”

“ಬೀದಿ ಕೊಳೆಯೆಲ್ಲ ತುಳಿದಿರ್ತದೆ ಅಂತ ನೀವೇ ಏಳ್ತೀರಲ್ಲ ಅತ್ತೆ.”

“ಊಂ. ಬೀದೀನೇ ಕಾಣ್ದಿದ್ರ? ಡಬ್ಬಿಯಿಂದ ಸೀದಾ ಮನೆ ಒಳಕ್ಕ ಬಂದು, ಒಳಗೇ ಇದ್ದು, ಒಳಗೇ ಸವುದ್ರ? ಅದ ಚಪ್ಲಿ ಅನ್ನಕಾದದ? ಕಾಲ್ಗ ಆಕ್ಕೊಳ ಸ್ವೆಟ್ರು ಅಲ್ವ ಅದು?”

ಮೂವತ್ತು ವರ್ಷ ಪಾಠ ಹೇಳಿದ್ದರೂ ನನಗೆ ಇಂಥ ಯೋಚನೆ ಬರುತ್ತಿರಲಿಲ್ಲ. “ಸ್ವೆಟ್ರೇ ಅತ್ತೆ” ಎಂದು ಅಲ್ಲೇ ಫೋನು ತೆಗೆದೆ.

ಚರ್ಮದ್ದು ಬೇಡ ಎಂಬುದು ಮೊದಲ ಷರತ್ತು. ರಬ್ಬರು ತಳ, ಬಟ್ಟೆಯ ಮೈ ಇರುವವನ್ನು ಒಂದೊಂದಾಗಿ ತೋರಿಸಿದೆ. ನಾನು ಅಂದುಕೊಂಡಿದ್ದು ಅವರು ಯಾವುದಾದರೂ ಸರಿ ಎನ್ನುತ್ತಾರೆಂದು. ಎಲ್ಲಿಯ ಮಾತು! ಕಂದು ಬಣ್ಣ ಬೇಡ, ಸಗಣಿ ಬಣ್ಣ. ಕಪ್ಪು ಬೇಡ, ಪೋಲೀಸ್ನವನ ಬೂಟು. ಹೂವಿನ ಚಿತ್ರ ಇರುವುದು ಕೂಸುಗಳಿಗೆ. ಬೆರಳಲ್ಲಿ ಫೋನನ್ನು ಮೇಲಕ್ಕೆ ತಳ್ಳುವುದನ್ನು ಕಲಿತು ತಾವೇ ನೋಡತೊಡಗಿದರು. ಕೊನೆಗೆ ಒಂದರ ಮೇಲೆ ಬೆರಳು ನಿಂತಿತು. ಕುಂಕುಮದ ಕೆಂಪು, ಅಂಚಿನಲ್ಲಿ ಕೆನೆಬಣ್ಣದ ತುಪ್ಪಳ, ಪಕ್ಕದಲ್ಲಿ ಜಿಪ್ಪು, ಅದರ ಮೇಲೊಂದು ಮರದ ಗುಂಡಿ. “ಇದು ಲಕ್ಷಣವಾಗದ” ಎಂದರು. ಇಷ್ಟು ವರ್ಷ ನನ್ನ ಚಪ್ಪಲಿಗಳನ್ನು ಕಂಡು ಮೂಗು ಮುರಿದವರ ಆಯ್ಕೆ ನನ್ನ ಬೂಟಿಗಿಂತ ಹತ್ತು ಪಟ್ಟು ಚೆಂದವಿತ್ತು. ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳು.

ಅಳತೆ ಯಾವುದು? ಅತ್ತೆ ಬೂಟು ಹಾಕಿದವರಲ್ಲ, ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಸಗಣಿ ಸಾರಿಸಿದ ಅಂಗಳ ಇನ್ನೂ ಹಸಿಯಿದ್ದಾಗ ಅವರು ಹೂ ಕೀಳಲು ನಡೆದು ಹೋದರು. ಹಿಂದೆಯೇ ಹೋಗಿ ಪಾದದ ಗುರುತಿಗೆ ಪೊರಕೆ ಕಡ್ಡಿ ಇಟ್ಟು ಮುರಿದುಕೊಂಡೆ, ಉದ್ದಕ್ಕೊಂದು, ಅಗಲಕ್ಕೊಂದು. ಉದ್ದ ನನ್ನಷ್ಟೇ. ಅಗಲ ನೋಡಿ ದಂಗಾದೆ. ಬದುಕಿಡೀ ಬರಿಗಾಲಲ್ಲಿ ನಡೆದ ಪಾದದ ಬೆರಳುಗಳು ಒಂದನ್ನೊಂದು ಮುಟ್ಟದೆ ಬಾಳೆಗೊನೆಯ ಚಿಪ್ಪಿನಂತೆ ಅರಳಿದ್ದವು. ಅಷ್ಟು ಅಗಲದ ಅಳತೆಯಲ್ಲಿ ಆ ಕುಂಕುಮ ಬಣ್ಣದ್ದು ಕೊನೆಯ ಒಂದೇ ಜೊತೆ ಉಳಿದಿತ್ತು. ಕೂಡಲೇ ಆರ್ಡರ್ ಹಾಕಿದೆ.

ಪಾರ್ಸೆಲ್ ಬಂದರೆ ಒಡೆಯದೆ ಸೀದಾ ಒಳಗೆ ತಂದಿಡಿ ಎಂದು ನಮ್ಮ ಮನೆಯವರಿಗೆ ಹೇಳಿದ್ದೆ. ಯಾಕೆ ಎಂದು ಹೇಳಲಿಲ್ಲ. ಸ್ವೆಟರಿನ ವಿಚಾರ ಕೇಳಿ ಅವರು ನಗುವುದು ಬೇಡ ಎಂದು ಅತ್ತೆಯೇ ತಡೆದಿದ್ದರು. ಪಾರ್ಸೆಲ್ ಬಂದ ದಿನ ನಾನು ಶಾಲೆಯಲ್ಲಿ, ಅತ್ತೆ ಹೊಲದಲ್ಲಿ. ಇವರು ತಾಳವಾಡಿ ಬಸ್‌ಸ್ಟ್ಯಾಂಡಿಗೆ ಹೋಗಿ ಡಬ್ಬಿ ತಂದರು, ಹೇಳಿದಂತೆ ನಡುಮನೆಗೂ ಒಯ್ದರು. ಅಲ್ಲಿಗೆ ನಿಲ್ಲಬಾರದಿತ್ತೆ? ಒಳಗೆ ಏನಿದೆಯೋ ನೋಡೋಣ ಎಂದು ಒಡೆದಿದ್ದಾರೆ. ನೋಡಿದರೆ ಬೂಟು. ದೇವರ ಗೂಡಿನ ಮುಂದೆ ಬೂಟು! ಅವ್ವ ನೋಡಿದರೆ ಮನೆ ಎರಡು ಮಾಡುತ್ತಾಳೆ ಎಂದು ಹೆದರಿ, ಓಡಿ ಹೋಗಿ, ಹೊರಗಿನ ಕಲ್ಲಿನ ಮೇಲೆ ಎಲ್ಲರ ಚಪ್ಪಲಿಗಳ ನಡುವೆ ನೀಟಾಗಿ ಜೋಡಿಸಿ ಇಟ್ಟಿದ್ದಾರೆ.

ನಾನು ಬಂದಾಗ ಅತ್ತೆ ಅದರ ಮುಂದೆ ಕೂತಿದ್ದರು. ಕುಂಕುಮದ ಬೂಟು ಒಂದು ಕಡೆ ಇವರ ಗದ್ದೆಯ ಕೆಸರು ಹತ್ತಿದ ಚಪ್ಪಲಿಗೆ, ಇನ್ನೊಂದು ಕಡೆ ನನ್ನ ಹವಾಯಿಗೆ ಅಂಟಿಕೊಂಡು ನಿಂತಿತ್ತು.

“ಇಷ್ಟು ವರ್ಸದಲ್ಲಿ ಒಂದಿನ ನಿಮ್ಮ ಚಪ್ಲಿ ನೆಟ್ಟಗೆ ಜೋಡ್ಸಿಟ್ಟೋರಲ್ಲ. ಇವತ್ತೇ ಜೋಡಿಸ್ಬೇಕಿತ್ತಾ?” ಎಂದು ನಾನು ಇವರ ಮೇಲೆ ಎಗರಿದೆ.

“ಬೂಟ್ನ ಇನ್ನೆಲ್ಲಿ ಮಡಗ್ಲಿ ಮತ್ತೆ? ದೇವ್ರ ಗೂಡಲ್ಲಿ ಮಡಗ್ಲಾ?” ಎಂದು ಇವರೂ ಎಗರಿದರು. ಅವರು ಹೇಳುವುದರಲ್ಲೂ ನ್ಯಾಯವಿತ್ತು. ಚಿಕ್ಕಂದಿನಿಂದ ತಾಯಿಯಿಂದ ಬೈಸಿಕೊಂಡು ಕಲಿತ ಒಂದೇ ಶಿಸ್ತು ಅದು.

ಅತ್ತೆ ಬೈಯಲಿಲ್ಲ. “ಓಗ್ಲಿ ಬುಡು. ಚಪ್ಲಿ ಜೊತೆ ಕುಂತ್ಮೇಲೆ ಅದೂ ಚಪ್ಲಿಯೇ ಆಯ್ತು” ಎಂದು ಎದ್ದು ಒಳಗೆ ಹೋದರು. ಒದ್ದೆ ಬಟ್ಟೆಯಲ್ಲಿ ಒರೆಸೋಣ ಅತ್ತೆ ಎಂದೆ. ನೀರು ಚಿಮುಕಿಸೋಣ ಎಂದೆ. ವಿಭೂತಿ ಹಚ್ಚೋಣ ಎಂದೂ ಹೇಳಿ ಬೈಸಿಕೊಂಡೆ. ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಇನ್ನೊಂದು ಜೊತೆ ತರಿಸೋಣ ಎಂದರೆ ಆ ಅಗಲದ್ದು ಯಾವ ಬಣ್ಣದಲ್ಲೂ ಸಿಗಲಿಲ್ಲ. ನೇಮ ಅವರದೇ, ಬೇಕಾಗಿದ್ದೂ ಅವರಿಗೇ. ಯಾರೂ ಕಟ್ಟಿಹಾಕದೆ ತಾವೇ ಕಟ್ಟಿಹಾಕಿಕೊಂಡು ಕೂತ ಆ ಮುದುಕಿಯನ್ನು ನೋಡಿ ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

ಬೂಟು ಕಲ್ಲಿನ ಮೇಲೇ ಉಳಿಯಿತು. ನನ್ನ ಬೂಟಿನ ಜೊತೆ ಅದಕ್ಕೂ ರಾತ್ರಿ ಪ್ಲಾಸ್ಟಿಕ್ ಹೊದಿಸಿದೆ. ಅತ್ತೆ ಹೋಗುತ್ತ ಬರುತ್ತ ಅದನ್ನು ನೋಡುತ್ತಿದ್ದರು. ಉಗುರಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಸುತ್ತಿಕೊಂಡು, ಮಗ ಏಳುವ ಮೊದಲೇ ಹೋಗಿ ಹಾಲು ಕರೆದು ಬರುತ್ತಿದ್ದರು. ಸಂಕ್ರಾಂತಿಯೂ ಕಳೆಯಿತು. ಭಾನುವಾರ ಮಧ್ಯಾಹ್ನ ಹಸು ಹಿಡಿದುಕೊಂಡು ಹೋಗಲು ಬರುತ್ತೇನೆ ಎಂದು ದೊಡ್ಡಗಾಜನೂರಿನಿಂದ ಫೋನು ಬಂತು.

ಹಿಂದಿನ ದಿನ ಶನಿವಾರ, ರಜೆ. ನಾನೂ ಎದುರು ಮನೆಯ ಅಕ್ಕನೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಹಸುವನ್ನು ನೀರಿಗೆ ಹೊಡೆಯುವುದು ಯಾವಾಗಲೂ ಹಿತ್ತಲ ಕಡೆಯಿಂದ. ಅವತ್ತು ಅತ್ತೆ ಹಗ್ಗ ಹಿಡಿದುಕೊಂಡು ಮನೆಯನ್ನು ಸುತ್ತಿ ಮುಂದಿನ ಅಂಗಳಕ್ಕೆ ಬಂದರು. “ಇತ್ಲು ರೊಜ್ಜಾಗದ ಕಣವ್ವ” ಎಂದು ನಾವು ಕೇಳುವ ಮೊದಲೇ ಹೇಳಿದರು. ಹಸು ಮೆಟ್ಟಿಲ ಹತ್ತಿರ ಬಂದದ್ದು ಗಕ್ಕನೆ ನಿಂತಿತು. ಮೂಗರಳಿಸಿತು. ಚಪ್ಪಲಿಗಳ ಸಾಲಿಗೆ ಮುಖ ಇಳಿಸಿ, ಬೇರೆ ಯಾವುದನ್ನೂ ಮೂಸದೆ, ಕುಂಕುಮ ಬಣ್ಣದ ಬೂಟಿನ ಕೆನೆ ತುಪ್ಪಳವನ್ನು ಉದ್ದನೆಯ ನಾಲಗೆ ಚಾಚಿ ನೆಕ್ಕಿತು. ಒಂದನ್ನು ನೆಕ್ಕಿ ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕಿತು. ಅತ್ತೆ ಹಗ್ಗ ಎಳೆಯಲಿಲ್ಲ.

“ಅಯ್ಯೋ ಶಿವನೇ! ಬಸವ ಬೂಟ್ ನೆಕ್ತಾ ಅದ ನೋಡ್ರವ್ವ!” ಎಂದು ಎದುರು ಮನೆಯ ಅಕ್ಕ ಅವರೆಕಾಯಿ ಚೆಲ್ಲಿಕೊಂಡು ಎದ್ದಳು.

“ನೋಡ್ದಾ? ನೀನೇ ಸಾಕ್ಷಿ ಕಣವ್ವ” ಎಂದರು ಅತ್ತೆ. “ನಾನೇನೂ ಏಳ್ನಿಲ್ಲ, ಕೇಳ್ನಿಲ್ಲ. ಅದೇ ಒಪ್ಕತ್ತು. ಬಸವಣ್ಣ ಬಾಯಿ ಆಕುದ್ ಮ್ಯಾಲ ಇನ್ನೆಲ್ಲಿ ಮೈಲಿಗೆ ಬತ್ತದ?”

ಹಗ್ಗವನ್ನು ನನ್ನ ಕೈಗೆ ತುರುಕಿ, ಬೂಟುಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಪ್ರಸಾದ ಎತ್ತಿಕೊಂಡ ಅಭ್ಯಾಸಕ್ಕೆ ಕೈ ಕಣ್ಣಿನ ಹತ್ತಿರಕ್ಕೆ ಹೋಯಿತು, ಅರ್ಧದಲ್ಲಿ ನೆನಪಾಗಿ ನಿಂತಿತು. ಆಮೇಲೆ ಹೊಸ್ತಿಲು ದಾಟಿ, ನಡುಮನೆಯ ಮೂಲಕ, ದೇವರ ಗೂಡಿನ ಮುಂದೆಯೇ ತಲೆ ಎತ್ತಿಕೊಂಡು ನಡೆದುಹೋದರು. ನಾನು ಬಾಯಿ ಬಿಟ್ಟುಕೊಂಡು ಹಸುವನ್ನು ಹಿಡಿದು ನಿಂತಿದ್ದೆ. ಅದು ಇನ್ನೂ ನಾಲಗೆ ಚಪ್ಪರಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಒಲೆಯ ಪಕ್ಕದ ಮಣೆಯ ಮೇಲೆ ಅತ್ತೆ ಕೂತರು. ಬಗ್ಗಿ ಜಿಪ್ಪು ಎಳೆಯಲು ಅವರಿಗೆ ಸೊಂಟ ಬಿಡದು. ನಾನು ಕೆಳಗೆ ಕೂತು ಬಲಗಾಲನ್ನು ಹಿಡಿದುಕೊಂಡೆ. ಕಾಲು ಮುಟ್ಟಿದ ಕೂಡಲೇ ರೂಢಿಯಂತೆ ಅವರ ಕೈ ನನ್ನ ತಲೆಯ ಮೇಲೆ ಬಂತು. “ನೂರ್ಕಾಲ ಚೆನ್ನಾಗಿರವ್ವ.” ಎಡಗಾಲು ಮುಟ್ಟಿದೆ. ಕೈ ಮತ್ತೆ ಬಂತು. “ನೂರ್ಕಾಲ ಚೆನ್ನಾಗಿರು.” ಗುಂಡಿ ಸರಿ ಮಾಡಲು ಮುಟ್ಟಿದರೆ ಮತ್ತೊಮ್ಮೆ. ಇಬ್ಬರಿಗೂ ನಗು ಬಂತು.

ನಮ್ಮ ಮನೆಯವರು ಕೊಟ್ಟಿಗೆಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ಮಧ್ಯಾಹ್ನ ನೆಂಟ ಬರುವವನಿದ್ದ. ಅವರ ಮುಖದಲ್ಲಿ ನಗುವಿರಲಿಲ್ಲ. ತಾಯಿಯ ಕಾಲನ್ನೇ ನೋಡುತ್ತಿದ್ದರು. ಅತ್ತೆ ಕೂತು ಕೆಚ್ಚಲಿಗೆ ಕೈ ಹಾಕಿ ತಾಳಮಲೆಯ ಸುದ್ದಿ ಶುರು ಮಾಡಿದರು. ಚೆಂಬಿನಲ್ಲಿ ಸೊರ್ ಸೊರ್ ಎಂದು ನೊರೆ ಏರಿತು. ಅರ್ಧ ಕರೆದಿರಬೇಕು, ಹಸು ಹಿಂಗಾಲು ಬದಲಿಸಿತು. ಗೊರಸು ಅತ್ತೆಯ ಬೂಟಿನ ಅಂಚಿಗೆ ತಾಗಿತೋ ಇಲ್ಲವೋ, ಅವರು ಚಟಕ್ಕನೆ ಪಾದ ಎಳೆದುಕೊಂಡು ಅದರ ತೊಡೆಗೆ ಒಂದು ಏಟು ಕೊಟ್ಟರು. “ಎತ್ತೇ ಕಾಲ, ಬೂಟ್ ಕೊಳೆ ಮಾಡ್ತೀಯ!”

ಅವರಿಗೆ ಗೊತ್ತಾಗಿತ್ತು. ಪಾದಕ್ಕೆ ತಾಕಿದ್ದು ಪಾದಕ್ಕೆ ಗೊತ್ತಾಗಿತ್ತು. ಇವರು ಕಟ್ಟಿದ ಕೈ ಬಿಟ್ಟರು. ಹಾಲಿನ ಕ್ಯಾನು ತೆಗೆದುಕೊಂಡು ಹೊರಗೆ ಹೋದರು. ಜಗಲಿಯಿಂದ ಫೋನಿನಲ್ಲಿ ಮಾತಾಡುವುದು ಅಡುಗೆ ಮನೆಗೆ ಕೇಳಿಸಿತು. “ಬರ್ಬೇಡ ಕಣ್ಲಾ. ಇಲ್ಲ, ಅಸ ಕೊಡಲ್ಲ. ಯಾಕೆ ಅಂದ್ರೆ... ನಮ್ಮವ್ವುನ್ಗೆ ಬೂಟ್ ಬಂದವೆ.”

ಅತ್ತೆ ಮಣೆಯ ಮೇಲೆ ಬಂದು ಕೂತು ಕಾಲು ಚಾಚಿದರು. ಜಿಪ್ಪು ಇಳಿಸಲು ಕೂತೆ. ಒಲೆಯ ಬೆಳಕಿನಲ್ಲಿ ಕೆನೆ ತುಪ್ಪಳದ ಬುಡದಲ್ಲಿ ಏನೋ ಅಂಟಿಕೊಂಡಿರುವುದು ಕಂಡಿತು. ಬೆರಳಿನಿಂದ ಬಿಡಿಸಿ ನೋಡಿದೆ. ಒಣಗಿದ ಬೂಸಾ, ಅದರೊಳಗೆ ಉಪ್ಪಿನ ಹರಳು. ಹಸುವಿನ ನಾಲಗೆಗೆ ಸಿಗದೆ ಉಳಿದದ್ದು. ಎರಡನೆಯ ಬೂಟನ್ನೂ ನೋಡಿದೆ. ಅದರಲ್ಲೂ ಇತ್ತು.

ತಲೆ ಎತ್ತಿದೆ. ಅತ್ತೆ ಮುಖ ತಿರುಗಿಸಲಿಲ್ಲ.

“ನನ್ನ ಬುಟ್ಟು ಅದ್ಕ ಇರಕಾಗಲ್ಲ ಕಣಮ್ಮಿ” ಎಂದರು. ಒಲೆಯ ಕೊಳ್ಳಿ ಒಳಕ್ಕೆ ತಳ್ಳುತ್ತ, “ಅದ ಬುಟ್ಟು ನಂಗೂ” ಎಂದರು.

ಹೊರಗೆ ಇವರ ಚಪ್ಪಲಿಯ ಸದ್ದಾಯಿತು. ಬೇಗ ಬೇಗ ಸೆರಗಿನ ತುದಿಯಿಂದ ತುಪ್ಪಳವನ್ನೆಲ್ಲ ಒರೆಸಿ ಬೂಸಾವನ್ನು ಒಲೆಗೆ ಹಾಕಿದೆ. ಬೂಟು ಕಳಚಿದಾಗ ಅತ್ತೆಯ ಪಾದಗಳು ನನ್ನ ಮಡಿಲಲ್ಲಿ ಬಂದು ಕೂತವು. ಈ ಮನೆಗೆ ಬಂದ ಮೇಲೆ ಎಷ್ಟೋ ಹಬ್ಬಗಳಲ್ಲಿ ಅವಕ್ಕೆ ನಮಸ್ಕಾರ ಮಾಡಿದ್ದೇನೆ, ಚಳಿಗಾಲದಲ್ಲಿ ಅವು ಬೆಚ್ಚಗಿದ್ದುದನ್ನು ಮುಟ್ಟಿದ್ದು ಅದೇ ಮೊದಲು. ಚಹಾ ಉಕ್ಕುತ್ತಿತ್ತು. ಇಳಿಸಲು ಏಳಬೇಕಿತ್ತು, ಏಳಲಿಲ್ಲ.